ಯಾವ ವಿಷ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಲ್ವಾ?

ಆಲೂರು ಹತ್ತಿರದ ನಿಮ್ಮ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವರು ವಾಂತಿ ಮಾಡಿಕೊಂಡು ಬಿದ್ದರು. ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು, ಆದರೆ ರಿಪೋರ್ಟ್ ಬರುವ ಮೊದಲೇ ಇಂಜೆಕ್ಷನ್ ಶುರು ಮಾಡಿದರು. ಹಾಗಾದರೆ ಟೆಸ್ಟ್ ಯಾಕೆ, ಸುಮ್ನೆ ಬಿಲ್ಲಿಗಾ ಅಂತ ಕೇಳಿದ್ದೀರಿ.

ನಾನು ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ಹಾಕಿದ ಕೂಡಲೇ ವಿಷದ ಹೆಸರು ಪ್ರಿಂಟ್ ಆಗಿ ಬರುವ ಮೆಷಿನ್ ನಮ್ಮಲ್ಲಿಲ್ಲ.

ನಿಮ್ಮವರಿಗೆ ಮಾಡಿಸಿದ್ದು ಬಹುಶಃ ರಕ್ತದಲ್ಲಿರುವ ಕೋಲಿನೆಸ್ಟರೇಸ್ ಅನ್ನುವ ಕಿಣ್ವದ ಟೆಸ್ಟ್. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಗೆ ಸೇರಿದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ, ರಿಪೋರ್ಟಿನಲ್ಲಿ ಅಂಕಿ ಇಳಿಯುತ್ತದೆ. ಆದರೆ ಒಬ್ಬೊಬ್ಬರ ಮಾಮೂಲಿ ಅಂಕಿ ಒಂದೊಂದು ಥರ. ಚೆನ್ನಾಗಿದ್ದಾಗ ಎಷ್ಟಿತ್ತು ಅಂತ ಯಾರು ನೋಡಿಟ್ಟಿರುತ್ತಾರೆ? ಲಿವರ್ ಕೆಟ್ಟವರಲ್ಲಿ, ಬಸುರಿಯರಲ್ಲಿ ವಿಷ ಇಲ್ಲದೆಯೂ ಕಡಿಮೆ ಬರುತ್ತದೆ. ಡಾಕ್ಟರು ನೋಡುವುದೇ ಬೇರೆ: ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ. ಇಷ್ಟು ಕಂಡರೆ ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಇಂಜೆಕ್ಷನ್ ಕೊಡಲು ನಮ್ಮ ರಿಪೋರ್ಟಿಗೆ ಕಾಯುವುದಿಲ್ಲ, ಕಾಯಲೂಬಾರದು. ಇನ್ನೂ ಎಷ್ಟು ಕೊಡಬೇಕು ಅನ್ನುವುದೂ ಎದೆಯ ಸದ್ದು, ನಾಡಿ, ಬಿಪಿ ನೋಡಿಯೇ.

ಹಾಗಂತ ನಮ್ಮ ಕೆಲಸ ದಂಡ ಅಲ್ಲ! ಪ್ಯಾರಾಸಿಟಮಾಲ್ ಜಾಸ್ತಿ ಹೊಟ್ಟೆಗೆ ಹೋದವರು ಮೊದಲ ದಿನ ಆರಾಮಾಗಿ ಮಾತಾಡುತ್ತಾ ಕೂತಿರಬಹುದು. ಲಿವರ್ ಟೆಸ್ಟೂ ನಾರ್ಮಲ್ ಇರಬಹುದು. ಅಲ್ಲಿ ಕಣ್ಣಿಗೆ ಕಾಣುವುದನ್ನು ನಂಬಿದರೆ ಕೆಟ್ಟೆವು. ನುಂಗಿ 4 ಗಂಟೆ ಕಳೆದ ಮೇಲೆ ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೆದು, ಚಾರ್ಟ್ ನೋಡಿ ಮದ್ದು ಬೇಕಾ ಅಂತ ತೀರ್ಮಾನಿಸುತ್ತಾರೆ. ಪ್ಯಾರಾಕ್ವಾಟ್ ಕಳೆನಾಶಕದ ಅನುಮಾನ ಇದ್ದರೆ ಮೂತ್ರಕ್ಕೆ ಡೈಥಯೊನೈಟ್ ಅನ್ನುವ ರಾಸಾಯನಿಕ ಹಾಕಿ ನೋಡುತ್ತೇವೆ, ಇದ್ದರೆ ನೀಲಿ ಬಣ್ಣ ಬರುತ್ತದೆ. ಪ್ರಜ್ಞೆ ತಪ್ಪಿದವರಿಗೆ ಎಲ್ಲಕ್ಕಿಂತ ಮೊದಲು ಬೆರಳು ಚುಚ್ಚಿ ಶುಗರ್. ಎಷ್ಟೋ ಸಲ ವಿಷ ಅಂದುಕೊಂಡದ್ದು ಬರೀ ಶುಗರ್ ಇಳಿದದ್ದಾಗಿರುತ್ತದೆ.

ಕೇಳಿ, ಮುಂದೆ ಹೀಗಾದರೆ 108ಕ್ಕೆ ಫೋನ್ ಮಾಡಿ. ಔಷಧಿ ಬಿದ್ದ ಬಟ್ಟೆ ಬಿಚ್ಚಿಸಿ, ಕೈಗೆ ಗ್ಲೌಸ್ ಹಾಕಿಕೊಂಡು ಮೈಯನ್ನು ಸೋಪು ನೀರಲ್ಲಿ ತೊಳೆಯಿರಿ. ಔಷಧಿ ಬಾಟಲಿಯನ್ನೂ ಜೊತೆಗೆ ಕಳಿಸಿ. ಲೇಬಲ್ಲಿನಲ್ಲಿರುವ ಹೆಸರು ಹೇಳುವಷ್ಟನ್ನು ನನ್ನ ಮೆಷಿನ್ ಹೇಳಲ್ಲ. ಒಮ್ಮೆ ಒಂದು ತೋಟದವರು ಬಾಟಲಿ ತಂದರು, ನೋಡಿದರೆ ಜ್ಯೂಸ್ ಬಾಟಲಿ. ದೊಡ್ಡ ಕ್ಯಾನಿನಿಂದ ಅದಕ್ಕೆ ಸುರಿದಿಟ್ಟಿದ್ದರಂತೆ. ಯಾವ ಔಷಧಿ ಅಂತ ಕೇಳಿದರೆ, ‘ನೀವೇ ಮೂಸಿ ನೋಡಿ ಹೇಳಿ ಸಾರ್’ ಅಂದರು.