ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್: ರಿಪೋರ್ಟಿನಲ್ಲಿ ಲಿಂಫ್ ನೋಡ್ 9 ಮಾತ್ರ. ಸರ್ಜನ್ ಸರಿಯಾಗಿ ತೆಗೆದಿಲ್ಲವೇ?

ಹುಬ್ಬಳ್ಳಿಯಲ್ಲಿ ಆಪರೇಷನ್ ಆದ ನಿಮ್ಮ ತಂದೆಯವರ ರಿಪೋರ್ಟ್ ನೋಡಿ ಸರ್ಜನ್ನರನ್ನೇ ದೂರಬೇಡಿ. ಕನಿಷ್ಠ 12 ಲಿಂಫ್ ನೋಡ್ (ಕರುಳಿನ ಪಕ್ಕದ ಕೊಬ್ಬಿನಲ್ಲಿರುವ, ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು) ಪರೀಕ್ಷಿಸಬೇಕು ಎಂಬುದು ನಿಜ. ಆದರೆ ವಯಸ್ಸಾದವರಲ್ಲಿ ಸಿಗುವುದೇ ಕಡಿಮೆ. ಬಲಗಡೆಗಿಂತ ಎಡಗಡೆಯ ಕರುಳಿನಲ್ಲೂ ಕಡಿಮೆಯೇ ಸಿಗುತ್ತವೆ. ಎಷ್ಟು ಉದ್ದ ಕತ್ತರಿಸಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಲ್ಯಾಬಿನ ಕೆಲಸ, ಇದನ್ನು ಯಾರೂ ಕೇಳುವುದೇ ಇಲ್ಲ. ಫಾರ್ಮಲಿನ್‌ನಲ್ಲಿಟ್ಟ ಕರುಳಿನ ಕೊಬ್ಬನ್ನು ತೆಳ್ಳಗೆ ಹೆಚ್ಚಿ, ಬೆರಳಿನಿಂದ ಒತ್ತಿ ಒತ್ತಿ ಹುಡುಕಬೇಕು. ಜೋಳದ ಕಾಳಿಗಿಂತ ಸಣ್ಣ ನೋಡ್‌ಗಳು ಸುಲಭಕ್ಕೆ ಕೈಗೆ ಸಿಗವು. ಅವುಗಳಲ್ಲೂ ಕ್ಯಾನ್ಸರ್ ಇರಬಹುದು. ಉಳಿದ ಭಾಗ ಇನ್ನೂ ಇಟ್ಟಿದ್ದರೆ ಮತ್ತೊಮ್ಮೆ ಹುಡುಕಲು ಪೆಥಾಲಜಿಸ್ಟರನ್ನು (ಲ್ಯಾಬಿನಲ್ಲಿ ಪರೀಕ್ಷಿಸುವ ವೈದ್ಯರನ್ನು) ಬೇಗ ಕೇಳಿ. 9ರಲ್ಲಿ ಒಂದರಲ್ಲೂ ಕ್ಯಾನ್ಸರ್ ಇಲ್ಲದಿದ್ದರೂ, ನೋಡಿದ್ದು 12ಕ್ಕಿಂತ ಕಡಿಮೆ ಎಂಬ ಕಾರಣಕ್ಕೇ ಕೀಮೋ ಬೇಕೇ ಎಂದು ಆಂಕೊಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಯೋಚಿಸಬಹುದು.