ಹಳೆಯ ವೈಜ್ಞಾನಿಕ ಕಾದಂಬರಿಗಳು, ಅವುಗಳೊಳಗಿನ ಹೆಂಗಸರು: ಹಾಸನದ ಓದುಕೂಟಕ್ಕೆ ಉತ್ತರ

ಮೇಡಂ, ನಮಸ್ಕಾರ. ಹಾಸನದಲ್ಲಿ ಹತ್ತು ಮಂದಿ ಸೇರಿ ತಿಂಗಳಿಗೊಂದು ಹಳೆಯ ವೈಜ್ಞಾನಿಕ ಕಾದಂಬರಿ ಮತ್ತೆ ಓದುವ ಕೂಟ ಶುರು ಮಾಡಿದ್ದೀರಿ. ಮೊದಲ ಭಾನುವಾರವೇ ಅಮೆರಿಕದ ಲೇಖಕ ಐಸಾಕ್ ಅಸಿಮೊವ್ ಅವರ ‘ಫೌಂಡೇಶನ್’ ಮೇಲೆ ಕೂಟ ಎರಡು ಪಾಲಾಯಿತು: ಹೆಂಗಸರೇ ಇಲ್ಲದ ಪುಸ್ತಕ ಯಾಕೆ ಓದಬೇಕು ಅಂತ ಅರ್ಧ ಜನ, ಆ ಕಾಲವೇ ಹಾಗಿತ್ತು ಬಿಡಿ ಅಂತ ಇನ್ನರ್ಧ ಜನ. ಮುಂದೆ ಯಾವ ಪುಸ್ತಕ ಹಿಡಿಯೋಣ, ಹೇಗೆ ನಡೆಸೋಣ ಅಂತ ಕೇಳಿದ್ದೀರಿ.

ಈ ಎರಡು ಮಾತನ್ನೂ ಪುಸ್ತಕ ತೆರೆಯದೆಯೇ ಆಡಿಬಿಡಬಹುದು, ತೊಂದರೆ ಅಲ್ಲೇ ಇದೆ. ‘ಆ ಕಾಲ’ದ ವಾದ ಬಂದಾಗ ಇಸವಿಗಳನ್ನು ಮುಂದಿಡಿ. ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹೊಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ ಎಂಬ ಕತೆ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾದದ್ದು 1905ರಲ್ಲಿ. ಅದರಲ್ಲಿ ಹೆಂಗಸರು ವಿಶ್ವವಿದ್ಯಾಲಯ ನಡೆಸುತ್ತಾರೆ, ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ, ಬಿಸಿಲಿನ ಶಾಖದಲ್ಲಿ ಅಡುಗೆ ಮಾಡುತ್ತಾರೆ, ಅದೇ ಶಾಖದಿಂದ ಶತ್ರುಸೈನ್ಯವನ್ನು ಓಡಿಸುತ್ತಾರೆ. ಗಂಡಸರು ಪರದೆಯೊಳಗೆ.

ಇನ್ನೊಂದು ಉದಾಹರಣೆ ನಿಮ್ಮ ಸಾಲಗಾಮೆ ರಸ್ತೆಯಲ್ಲೇ ಇದೆ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಒಂದೇ ಕಡೆ ನಿಂತಂತೆ ಕಾಣುತ್ತದೆ, ಅಂಥ ಮೂರರಿಂದ ಜಗತ್ತಿಗೆಲ್ಲ ಸಂಪರ್ಕ ಕೊಡಬಹುದು ಎಂದು ವೈಜ್ಞಾನಿಕ ಕಾದಂಬರಿಕಾರ ಆರ್ಥರ್ ಕ್ಲಾರ್ಕ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 1945ರಲ್ಲೇ ಬರೆದಿದ್ದರು. ಅಂಥ ಉಪಗ್ರಹಗಳನ್ನೇ ಇಸ್ರೋದ ಹಾಸನ ಕೇಂದ್ರ 1982ರಿಂದ ನೋಡಿಕೊಳ್ಳುತ್ತಿರುವುದು. ಅಷ್ಟು ಮುಂದಿನದನ್ನು ಕಂಡ ಮನುಷ್ಯ 1973ರಲ್ಲಿ ‘ರಾಂದೇವೂ ವಿತ್ ರಾಮಾ’ ಬರೆದಾಗ, ಕೆಲವು ಹೆಂಗಸರನ್ನು ನೌಕೆಗೆ ಹತ್ತಿಸಲೇಬಾರದು, ತೂಕವಿಲ್ಲದ ಕಡೆ ಅವರ ಎದೆ ಗಂಡಸರ ಗಮನ ಕೆಡಿಸುತ್ತದೆ ಎಂದು ಕ್ಯಾಪ್ಟನ್ ನಾರ್ಟನ್‌ನ ಮನಸ್ಸಿನಲ್ಲಿ ಆಡಿಸಿದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ ಒಬ್ಬರೇ ಭೂಮಿಗೆ 48 ಸುತ್ತು ಹಾಕಿ ಬಂದು ಆಗಲೇ ಹತ್ತು ವರ್ಷವಾಗಿತ್ತು. ಆಗ ನಮ್ಮ ದೇಶದ ಪ್ರಧಾನಿಯೂ ಹೆಂಗಸೇ ಆಗಿದ್ದರು. ಕಾಲದ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಂತ ಪುಸ್ತಕ ಬಿಸಾಡಬೇಡಿ. ಅದೇ ಕಾದಂಬರಿಯಲ್ಲಿ ನೌಕೆಯ ಡಾಕ್ಟರು ಲಾರಾ ಅರ್ನ್ಸ್ಟ್, ಕೆಲಸದಲ್ಲಿ ಗಟ್ಟಿಗಿತ್ತಿ. ಒಂದೇ ಪುಸ್ತಕದಲ್ಲಿ ಎರಡೂ ಹೇಗೆ ಕೂತಿವೆ ಅನ್ನುವುದೇ ಒಂದು ಭಾನುವಾರಕ್ಕೆ ಸಾಕಾಗುವಷ್ಟು ಮಾತು. ಆ ಸಾಲುಗಳು ಬರುವ 11ನೇ ಅಧ್ಯಾಯದ ಹೆಸರೇ ಗಂಡಸರು, ಹೆಂಗಸರು ಮತ್ತು ಕೋತಿಗಳು ಎಂಬರ್ಥದ್ದು. ಆ ಒಂದು ಅಧ್ಯಾಯವನ್ನು ಕೂಟದಲ್ಲೇ ಪೂರ್ತಿ ಓದಿಸಿ.

ಈಗ ನಡೆಸುವ ಬಗೆ. ಪ್ರತಿಯೊಬ್ಬರೂ ಓದುವಾಗ ಒಂದು ಹಾಳೆ ಇಟ್ಟುಕೊಂಡು ನಾಲ್ಕು ಗೆರೆ ಎಳೆಯಲಿ. ಕತೆಯಲ್ಲಿ ಬರುವ ಒಬ್ಬೊಬ್ಬ ಹೆಂಗಸಿಗೂ ಹೆಸರಿದೆಯೇ, ಅವಳ ಕೆಲಸವೇನು, ಅವಳನ್ನು ಬಣ್ಣಿಸಿದ್ದು ಕೆಲಸದಿಂದಲೋ ಮೈಯಿಂದಲೋ, ಅವಳು ತೆಗೆದುಕೊಂಡ ತೀರ್ಮಾನದಿಂದ ಕತೆ ತಿರುಗಿತೇ. ಮುಖ್ಯವಾದದ್ದು ಕೊನೆಯದು. ಪುಟಸಂಖ್ಯೆ ಬರೆಯಬೇಡಿ, ಅಧ್ಯಾಯದ ಸಂಖ್ಯೆ ಬರೆಯಿರಿ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣ ಇರುತ್ತದೆ, ಪುಟ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಎರಡು ಗಂಟೆಯ ಕೂಟದಲ್ಲಿ ಮೊದಲ ಇಪ್ಪತ್ತು ನಿಮಿಷ ಬರೀ ಹಾಳೆ ಓದಿಸಿ, ಅಭಿಪ್ರಾಯ ಬೇಡ. ಆಮೇಲೆ ಎರಡು ಭಾಗ ಆರಿಸಿ ಜೋರಾಗಿ ಓದಿಸಿ. ಚರ್ಚೆ ಅದಾದ ಮೇಲೆ.

ಈ ಹಾಳೆ ಹಿಡಿದು ‘ಫೌಂಡೇಶನ್’ಗೇ ಒಮ್ಮೆ ವಾಪಸು ಹೋಗಿ. ಐದು ಭಾಗಗಳಲ್ಲಿ ಮಾತಾಡುವ ಹೆಂಗಸು ಬರುವುದು ಕೊನೆಯದರಲ್ಲಿ, ಕೊರೆಲ್ ಎಂಬ ಶತ್ರುದೇಶದ ದೊರೆಯ ಹೆಂಡತಿ. ಜೊತೆಗೆ ಮಿನುಗುವ ಒಡವೆ ತೊಡಿಸಿ ತೋರಿಸಲು ಕರೆದ ಒಬ್ಬ ಕೆಲಸದ ಹುಡುಗಿ. ಎಣಿಕೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಅದೇ ಭಾಗದಲ್ಲಿ ವ್ಯಾಪಾರಿ ಹೋಬರ್ ಮ್ಯಾಲೋ ಯುದ್ಧ ಗೆಲ್ಲುವ ಲೆಕ್ಕಾಚಾರ ಏನು? ವ್ಯಾಪಾರ ನಿಲ್ಲಿಸಿದರೆ ಶತ್ರುದೇಶದ ಮನೆಗಳಲ್ಲಿ ಅಣುಶಕ್ತಿಯ ಚಾಕು ಕೊಯ್ಯುವುದಿಲ್ಲ, ಒಲೆ ಕೆಡುತ್ತದೆ, ಬಟ್ಟೆ ಒಗೆಯುವ ಯಂತ್ರ ನಿಲ್ಲುತ್ತದೆ, ಆ ಅಸಮಾಧಾನವೇ ದೊರೆಯನ್ನು ಮಣಿಸುತ್ತದೆ ಅಂತ. ಅಂದರೆ ನಕ್ಷತ್ರಗಳ ನಡುವಿನ ಯುದ್ಧದ ಸೋಲು-ಗೆಲುವು ನಿಂತಿರುವುದು ಅಡುಗೆಮನೆಯ ಹೆಂಗಸರ ಮೇಲೆ, ಆದರೆ ಅಂಥ ಒಬ್ಬ ಹೆಂಗಸೂ ಕತೆಯೊಳಗೆ ಬಂದು ಮಾತಾಡುವುದಿಲ್ಲ. ಇದು ಬರೀ ಎಣಿಸಿದರೆ ಸಿಗುವುದಿಲ್ಲ, ನಾಲ್ಕನೇ ಪ್ರಶ್ನೆ ಕೇಳಿದರೆ ಸಿಗುತ್ತದೆ. ಮುಂದಿನ ‘ಫೌಂಡೇಶನ್ ಆ್ಯಂಡ್ ಎಂಪೈರ್’ನಲ್ಲಿ ಬೇಟಾ ಡ್ಯಾರೆಲ್ ಬರುತ್ತಾಳೆ. ಇಡೀ ಗ್ಯಾಲಕ್ಸಿಯ ಹಣೆಬರಹ ತಿರುಗಿಸುವ ತೀರ್ಮಾನ ಅವಳದ್ದು. ಆ ಭಾಗ ಪತ್ರಿಕೆಯಲ್ಲಿ ಬಂದದ್ದು 1945ರಲ್ಲಿ. ಎರಡನ್ನೂ ಒಟ್ಟಿಗೆ ಓದಿದರೆ ಲೇಖಕ ಕಲಿತದ್ದೂ ಕಾಣುತ್ತದೆ.

ಪುಸ್ತಕಗಳ ದೋಷ ಮೂರು ಥರ, ಒಂದೇ ಮದ್ದು ಕೊಡಬೇಡಿ. ‘ಫೌಂಡೇಶನ್’ನದು ಇಲ್ಲದಿರುವಿಕೆ. ‘ರಾಮಾ’ದ್ದು ನೋಟದ ದೋಷ. ಹೈನ್‌ಲೈನ್ ಅವರ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ನದು (1961) ವಾದದ ದೋಷ. ಅತ್ಯಾಚಾರ ಆದಾಗ ಹತ್ತರಲ್ಲಿ ಒಂಬತ್ತು ಸಲ ತಪ್ಪಿನ ಒಂದು ಪಾಲು ಹುಡುಗಿಯದ್ದೇ ಎಂಬರ್ಥದ ಮಾತನ್ನು ಅಲ್ಲಿ ನರ್ಸ್ ಜಿಲ್ ಬಾಯಲ್ಲೇ ಆಡಿಸಿದ್ದಾರೆ. ಆ ಮಾತು ತಪ್ಪು ಎಂದು ಕೂಟ ಕೂಡಿದ ತಕ್ಷಣ ನೇರವಾಗಿ ಹೇಳಿಬಿಡಿ, ಅದನ್ನು ‘ಎರಡು ಅಭಿಪ್ರಾಯ’ದ ವಿಷಯ ಮಾಡಬೇಡಿ. ಸದಸ್ಯರಿಗೆ ವಾರದ ಮುಂಚೆಯೇ ತಿಳಿಸಿ, ಬೇಡವೆನ್ನುವವರನ್ನು ಒತ್ತಾಯಿಸಬೇಡಿ. ಪ್ರಾರಂಭಕ್ಕಂತೂ ಈ ಪುಸ್ತಕ ಬೇಡವೇ ಬೇಡ. 1991ರಲ್ಲಿ ಬಂದ ಮುದ್ರಣ ಮೊದಲಿನದಕ್ಕಿಂತ ಬಹಳ ಉದ್ದ, ಎಲ್ಲರೂ ಒಂದೇ ಮುದ್ರಣ ತರಿಸಿಕೊಳ್ಳಿ.

ಪ್ರಾರಂಭಕ್ಕೆ ‘ಸುಲ್ತಾನಾಸ್ ಡ್ರೀಮ್’ ಒಳ್ಳೆಯದು. ಹಕ್ಕುಸ್ವಾಮ್ಯ ಮುಗಿದಿದೆ, ಉಚಿತವಾಗಿ ಸಿಗುತ್ತದೆ, ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಎರಡನೇ ತಿಂಗಳು ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’. ಅಲ್ಲಿ ಎಣಿಕೆ ಮೋಸ ಮಾಡುತ್ತದೆ: ಬರೆದವರು ಹೆಂಗಸು, ಕತೆಯ ಹೆಂಗಸರು ಒಬ್ಬೊಬ್ಬರಾಗಿ ಸಾಯುತ್ತಾರೆ, ಇಡೀ ಕಾದಂಬರಿ ಕತೆ ಕೇಳಿಸಿಕೊಂಡ ನಾವಿಕ ವಾಲ್ಟನ್ ಮಾರ್ಗರೆಟ್ ಎಂಬ ತನ್ನ ಅಕ್ಕನಿಗೆ ಬರೆದ ಕಾಗದ, ಆದರೆ ಅವಳ ಉತ್ತರ ಒಂದೂ ಇಲ್ಲ. ಓದಬೇಕಾದ ಜಾಗ, ವಿಜ್ಞಾನಿ ವಿಕ್ಟರ್ ತಾನು ಮೊದಲು ಸೃಷ್ಟಿಸಿದ ಜೀವಿಗೆ ಜೊತೆಯಾಗಲೆಂದು ಅರ್ಧ ಮಾಡಿದ ಹೆಣ್ಣುಜೀವಿಯನ್ನು ಹರಿದು ಹಾಕುವುದು. ಅವನ ಹೆದರಿಕೆಗಳಲ್ಲಿ ಒಂದು, ತಾನು ಹುಟ್ಟುವ ಮೊದಲೇ ಆದ ಒಪ್ಪಂದಕ್ಕೆ ಅವಳು ಒಪ್ಪದೇ ಹೋದರೆ ಅನ್ನುವುದು! ವಿಕ್ಟರ್ ಮದುವೆಯಾಗುವ ಎಲಿಜಬೆತ್ 1818ರ ಮುದ್ರಣದಲ್ಲಿ ಅವನ ಸೋದರತ್ತೆಯ ಮಗಳು, 1831ರದ್ದರಲ್ಲಿ ಅವನ ಮನೆಯವರು ತಂದು ಸಾಕಿದ ಹುಡುಗಿ. ಯಾವುದನ್ನು ಓದುತ್ತಿದ್ದೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಸಂಬಂಧದ ಮೇಲೇ ವಾದ ನಡೆಯುತ್ತದೆ. ಮೂರನೆಯದು ಅಸಿಮೊವ್ ಅವರ ‘ಐ, ರೋಬಾಟ್’ನ ಎರಡು ಕತೆ, ‘ಲೈಯರ್!’ ಮತ್ತು ‘ಲಿಟಲ್ ಲಾಸ್ಟ್ ರೋಬಾಟ್’. ಎರಡರಲ್ಲೂ ರೋಬಾಟ್‌ಗಳ ಮನಶ್ಶಾಸ್ತ್ರಜ್ಞೆ ಡಾ. ಸೂಸನ್ ಕೆಲ್ವಿನ್ ಬರುತ್ತಾರೆ. ಮೊದಲನೆಯದು ಅವರನ್ನು ಪ್ರೀತಿ ಸಿಗದ ಹೆಂಗಸಾಗಿ ಅಳೆಯುತ್ತದೆ, ಎರಡನೆಯದು ಕೆಲಸ ಬಲ್ಲ ವಿಜ್ಞಾನಿಯಾಗಿ. ಆಮೇಲೆ ‘ರಾಮಾ’.

ಕನ್ನಡದಲ್ಲಿ ಚರ್ಚೆ ಮಾಡುವವರಿಗೆ ಒಂದು ವಿಶೇಷ ಎಚ್ಚರಿಕೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗವಿಲ್ಲ, ನಮ್ಮದಕ್ಕಿದೆ. ಮೂಲದಲ್ಲಿ ‘ವಿಜ್ಞಾನಿ’ ಅಂತಷ್ಟೇ ಇದ್ದರೂ ಕತೆ ಹೇಳುವಾಗ ನಮ್ಮ ಬಾಯಲ್ಲಿ ‘ಹೇಳಿದ’ ಅಂತ ಬಂದುಬಿಡುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಗೌರವ: ಅದೇ ಕತೆಯ ಗಂಡಸು ವಿಜ್ಞಾನಿ ‘ಅವರು ಬಂದರು’, ಡಾ. ಕೆಲ್ವಿನ್ ‘ಅವಳು ಬಂದಳು’. ಆ ವ್ಯತ್ಯಾಸ ಅಸಿಮೊವ್ ಬರೆದದ್ದಲ್ಲ, ನಾವು ಸೇರಿಸಿದ್ದು. ಒಬ್ಬರನ್ನು ಇದನ್ನೇ ಗಮನಿಸಲು ಕೂರಿಸಿ, ಎಲ್ಲಿ ‘ಅವಳು’ ಬಂತು, ಎಲ್ಲಿ ‘ಅವರು’ ಬಂತು ಅಂತ ಗುರುತು ಹಾಕಲಿ.

ಇದೇ ಜಾಡಿನಲ್ಲಿ ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಬರಬೇಕು, ಐದನೆಯದಾಗಿ. ಅಲ್ಲಿನ ಜನರಿಗೆ ಖಾಯಂ ಲಿಂಗವಿಲ್ಲ, ತಿಂಗಳಿಗೆ ಕೆಲವು ದಿನ ಮಾತ್ರ ಯಾವುದೋ ಒಂದು. ಆದರೂ ಲೆ ಗ್ವಿನ್ ಎಲ್ಲರಿಗೂ ‘ಅವನು’ ಎಂದೇ ಬರೆದರು. ಟೀಕೆ ಬಂತು. 1976ರ ಪ್ರಬಂಧದಲ್ಲಿ ಸಮರ್ಥಿಸಿಕೊಂಡರು, ಮುಂದೆ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ ತಮ್ಮ ಸಮರ್ಥನೆಯನ್ನೇ ತಿದ್ದಿಕೊಂಡರು. ಅದೇ ಲೋಕದ ‘ವಿಂಟರ್ಸ್ ಕಿಂಗ್’ ಕತೆಯನ್ನು 1975ರಲ್ಲಿ ‘ಅವಳು’ ಹಾಕಿ ಮತ್ತೆ ಅಚ್ಚು ಮಾಡಿಸಿದರು. ಹಳೆಯ ಪುಸ್ತಕವನ್ನು ಮರುಓದುವುದು ಹೇಗೆ ಎಂಬುದಕ್ಕೆ ಲೇಖಕಿಯೇ ಹಾಕಿಕೊಟ್ಟ ದಾರಿ ಇದು, ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪಾಠ. ಕೂಟದಲ್ಲಿ ಒಂದು ಪುಟ ಕನ್ನಡಕ್ಕೆ ತಂದು ನೋಡಿ. ‘ಅವರು ಬಂದರು’ ಅಂದರೆ ಲಿಂಗ ಮಾಯ, ನಮ್ಮ ಭಾಷೆಗೆ ಈ ಅನುಕೂಲ ಮೊದಲಿನಿಂದ ಇದೆ. ಆದರೆ ಮಗು, ಆಳು, ಶತ್ರು, ಗೆಳೆಯ ಎಲ್ಲರಿಗೂ ಬಹುವಚನ ಹಾಕಿದರೆ ಸಲುಗೆ ಸತ್ತುಹೋಗುತ್ತದೆ. ‘ಅದು ಬಂತು’ ಅಂದರೆ ಅವಮಾನ. ಮೂರೂ ರೀತಿ ಬರೆದು ಓದಿಸಿದರೆ ಲೆ ಗ್ವಿನ್ ಅವರ ಕಷ್ಟ ಅರ್ಥವಾಗುತ್ತದೆ.

ಗಂಡಸರು ಬರೆದದ್ದನ್ನು ಶೈಲಿಯಲ್ಲೇ ಹಿಡಿಯಬಹುದು ಎಂದು ಯಾರಾದರೂ ಅಂದರೆ ಜೇಮ್ಸ್ ಟಿಪ್ಟ್ರಿ ಜೂನಿಯರ್ ಹೆಸರು ಹೇಳಿ. ಅವರ ಬರವಣಿಗೆ ಹೆಂಗಸಿನದ್ದು ಆಗಿರಲು ಸಾಧ್ಯವೇ ಇಲ್ಲ ಎಂದು ವೈಜ್ಞಾನಿಕ ಕತೆಗಾರ ರಾಬರ್ಟ್ ಸಿಲ್ವರ್‌ಬರ್ಗ್ 1975ರಲ್ಲಿ ಅವರ ಕಥಾಸಂಕಲನಕ್ಕೆ ಮುನ್ನುಡಿ ಬರೆದರು. ಸ್ವಲ್ಪ ಕಾಲದಲ್ಲೇ ಟಿಪ್ಟ್ರಿ ಅಂದರೆ ಆಲಿಸ್ ಶೆಲ್ಡನ್ ಎಂಬ ಹೆಂಗಸು ಎಂದು ಬಯಲಾಯಿತು.

ಆರನೇ ತಿಂಗಳು ಪರದೇಶದ ಪುಸ್ತಕ ಬದಿಗಿಟ್ಟು ಪಕ್ಕದ ಮೂಡಿಗೆರೆಯ ‘ಕರ್ವಾಲೊ’ ತೆಗೆದುಕೊಳ್ಳಿ. 1980ರ ಪುಸ್ತಕ, ವಿಜ್ಞಾನವೂ ಇದೆ, ಸಾಹಸವೂ ಇದೆ. ಹಾರುವ ಓತಿ ಹುಡುಕಿ ಕಾಡಿಗೆ ಹೊರಟ ತಂಡದ ಹೆಸರುಗಳನ್ನು ಅದೇ ಹಾಳೆಯ ಅದೇ ನಾಲ್ಕು ಗೆರೆಗಳ ನಡುವೆ ತುಂಬಿಸಿ. ಅಸಿಮೊವ್, ಕ್ಲಾರ್ಕ್ ಅವರನ್ನು ಕೇಳಿದಷ್ಟೇ ಬಿಗಿಯಾಗಿ, ಅಷ್ಟೇ ಪ್ರೀತಿಯಿಂದ ತೇಜಸ್ವಿಯವರನ್ನೂ ಕೇಳಿ.