ತಕಯಾಸು ಕಾಯಿಲೆ: ಸಿಆರ್‌ಪಿ ಸರಿಯಿದ್ದರೂ ಬಯೋಲಾಜಿಕ್ ಇಂಜೆಕ್ಷನ್ ಏಕೆ?

ನಿಮ್ಮ 19 ವರ್ಷದ ತಂಗಿಗೆ ತಕಯಾಸು ಆರ್ಟರೈಟಿಸ್ ಇದೆ, ಸ್ಟಿರಾಯ್ಡ್ ಮಾತ್ರೆಯಿಂದ ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಇಳಿದಿದೆ, ಆದರೂ ದುಬಾರಿ ಬಯೋಲಾಜಿಕ್ (ಜೀವಕೋಶಗಳಲ್ಲಿ ತಯಾರಿಸುವ ಔಷಧ) ಇಂಜೆಕ್ಷನ್ ಏಕೆ ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ; ಕಲಬುರಗಿಯಲ್ಲಿ ಶಿಕ್ಷಕಿ, ಇದೇ ಕಾಯಿಲೆಗಾಗಿ ಆರು ವರ್ಷಗಳಿಂದ ಹೈದರಾಬಾದಿಗೆ ಓಡಾಡುತ್ತಿರುವವಳು.

ಮಹಾಪಧಮನಿಯ ಮತ್ತು ಅದರಿಂದ ಕವಲೊಡೆಯುವ ದೊಡ್ಡ ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪವಾಗಿ, ರಕ್ತ ಹರಿಯುವ ದಾರಿ ಕಿರಿದಾಗುವುದೇ ಈ ಕಾಯಿಲೆ. (1908ರಲ್ಲಿ ಇದನ್ನು ವರದಿ ಮಾಡಿದ ಜಪಾನಿನ ಮಿಕಿಟೊ ತಕಯಾಸು ಕಣ್ಣಿನ ವೈದ್ಯರು.) ನನ್ನ ಎಡಗೈಯಲ್ಲಿ ಬಿ.ಪಿ. ತೀರ ಕಡಿಮೆ ತೋರಿಸಿದಾಗ ಒಂದು ಕ್ಲಿನಿಕ್‌ನಲ್ಲಿ ನಿಶ್ಶಕ್ತಿ ಎಂದು ಗ್ಲೂಕೋಸ್ ಹಾಕಿ ಕಳುಹಿಸಿದ್ದರು; ಬಲಗೈಯಲ್ಲಿ ಅದು 170 ಇತ್ತೆಂಬುದು ತಿಳಿದದ್ದು ಎಷ್ಟೋ ತಿಂಗಳ ನಂತರ.

ಸ್ಟಿರಾಯ್ಡ್ ಉರಿಯೂತವನ್ನು ಬೇಗ ತಗ್ಗಿಸುತ್ತದೆ, ಆದರೆ ಡೋಸ್ ಇಳಿಸುತ್ತಿದ್ದಂತೆ ಅನೇಕರಲ್ಲಿ ಕಾಯಿಲೆ ಮರುಕಳಿಸುತ್ತದೆ, ಮತ್ತು ಈ ವಯಸ್ಸಿನಿಂದಲೇ ವರ್ಷಗಟ್ಟಲೆ ಅದನ್ನು ನುಂಗಿದರೆ ಮೂಳೆ, ಕಣ್ಣು, ಸಕ್ಕರೆ ಎಲ್ಲಕ್ಕೂ ಪೆಟ್ಟು. ಮೆಥೋಟ್ರೆಕ್ಸೇಟ್‌ನಂತಹ ಮಾತ್ರೆ ಸಾಲದಿದ್ದಾಗ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್, ಇಲ್ಲವೇ ಐಎಲ್-6 ಎಂಬ ಇನ್ನೊಂದು ಉರಿಯೂತದ ಪ್ರೋಟೀನಿನ ಕೆಲಸವನ್ನು ತಡೆಯುವ ಟೋಸಿಲಿಜುಮ್ಯಾಬ್ ಕೊಡುತ್ತಾರೆ; ಇವೇ ಆ ಬಯೋಲಾಜಿಕ್‌ಗಳು. ನನಗೆ ಇನ್‌ಫ್ಲಿಕ್ಸಿಮ್ಯಾಬ್ ಶುರುಮಾಡಿದಾಗ ಸಿಆರ್‌ಪಿ ಸರಿಯಾಗಿಯೇ ಇತ್ತು. ಎಂಆರ್ ಆಂಜಿಯೋಗ್ರಾಂನಲ್ಲಿ (ರಕ್ತನಾಳಗಳ ಎಂಆರ್‌ಐ ಸ್ಕ್ಯಾನ್) ಮಾತ್ರ ಕುತ್ತಿಗೆಯ ನಾಳದ ಗೋಡೆ ಹೊಸದಾಗಿ ದಪ್ಪವಾಗಿತ್ತು. ಟೋಸಿಲಿಜುಮ್ಯಾಬ್ ಪಡೆಯುವವರಲ್ಲಂತೂ ಸಿಆರ್‌ಪಿ ರಿಪೋರ್ಟನ್ನು ನಂಬುವುದು ಇನ್ನೂ ಕಷ್ಟ, ಏಕೆಂದರೆ ಯಕೃತ್ತು ಸಿಆರ್‌ಪಿ ತಯಾರಿಸುವುದೇ ಮುಖ್ಯವಾಗಿ ಐಎಲ್-6ರ ಪ್ರಚೋದನೆಯಿಂದ. ಆದ್ದರಿಂದ ಕೊನೆಯ ಸ್ಕ್ಯಾನ್ ಯಾವಾಗ ಆಯಿತು, ಅದರಲ್ಲಿ ಏನಿತ್ತು ಎಂದು ಮೊದಲು ಕೇಳಿ.

ಇಂಜೆಕ್ಷನ್‌ಗೆ ಮುಂಚೆ ಕ್ಷಯದ ಪರೀಕ್ಷೆಯನ್ನು, ಅಂದರೆ ಮಾಂಟೂ (ಚರ್ಮದ ಪರೀಕ್ಷೆ) ಅಥವಾ ಇಗ್ರಾ (ರಕ್ತ ಪರೀಕ್ಷೆ) ಮತ್ತು ಎದೆಯ ಎಕ್ಸ್‌ರೇಯನ್ನು, ಯಾವ ಕಾರಣಕ್ಕೂ ಬಿಡಬೇಡಿ. ಒಳಗೆ ಸುಪ್ತವಾಗಿರುವ ಟಿ.ಬಿ.ಯನ್ನು ಕಟ್ಟಿಹಾಕುವಲ್ಲಿ ಟಿಎನ್‌ಎಫ್‌ನ ಪಾತ್ರ ದೊಡ್ಡದು. ಅದನ್ನೇ ತಡೆದರೆ ರೋಗ ಎದ್ದು ಕೂರಬಹುದು. ನನ್ನ ಮಾಂಟೂ ಪಾಸಿಟಿವ್ ಬಂದು, ಮೊದಲು ಅದರ ಮಾತ್ರೆ ನುಂಗಬೇಕಾಯಿತು. ತಡವಾಗುತ್ತಿದೆಯೆಂದು ಅಪ್ಪ ಸಿಡುಕಿದರು, ಆದರೆ ವೈದ್ಯರು ಜಗ್ಗಲಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆಯೂ ಬೇಕು. ಮದುವೆಯ ಮಾತು ನಡೆದಿದ್ದರೆ ಸಂಕೋಚವಿಲ್ಲದೆ ತಿಳಿಸಿ, ಏಕೆಂದರೆ ಗರ್ಭ ಧರಿಸುವ ಮೊದಲೇ ಮೆಥೋಟ್ರೆಕ್ಸೇಟ್ ನಿಲ್ಲಿಸಬೇಕಾಗುತ್ತದೆ.

ಇನ್‌ಫ್ಲಿಕ್ಸಿಮ್ಯಾಬನ್ನು ಮೊದಲ ದಿನ, 2ನೇ ಮತ್ತು 6ನೇ ವಾರ, ಅನಂತರ ಸಾಮಾನ್ಯವಾಗಿ 8 ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಗಾಯಗಟ್ಟಿ ಮುಚ್ಚಿಹೋದ ನಾಳ ಇದರಿಂದ ತೆರೆಯುವುದಿಲ್ಲ. ನನ್ನ ಎಡಗೈ ನಾಡಿ ಇಂದಿಗೂ ಸಿಗುವುದಿಲ್ಲ, ಆದರೆ ಕುತ್ತಿಗೆಯ ನಾಳ ಎರಡು ಸ್ಕ್ಯಾನ್‌ಗಳಲ್ಲೂ ಇದ್ದಂತೆಯೇ ಇದೆ.